ಇಂಗ್ಲಿಷಿನಲ್ಲಿ ನಾಳೆಯ ಮಾತು

ಕಾಲಗಳು ಮೂರು: ಭೂತ, ವರ್ತಮಾನ, ಭವಿಷ್ಯತ್. ಇದನ್ನು ನಾವೆಲ್ಲರೂ ಮೊದಲು ಕನ್ನಡ ವ್ಯಾಕರಣದಲ್ಲಿ ಓದಿದೆವು, ಬಳಿಕ ಇಂಗ್ಲಿಷ್ ವ್ಯಾಕರಣದಲ್ಲಿ ಓದಿದೆವು. ಇಂಗ್ಲಿಷಿಗೆ ಬಂದಾಗ ಒಂದೊಂದು ಕಾಲಕ್ಕೂ ನಾಲ್ಕು ನಾಲ್ಕು ಮನೆಗಳಾಗಿ ಒಟ್ಟು ಹನ್ನೆರಡು ಮನೆಗಳ ಕೋಷ್ಟಕವೊಂದು ಕರಿಹಲಗೆಯ ಮೇಲೆ ಮೂಡಿತು. 1930ರ ದಶಕದಲ್ಲಿ ಹೊರಬಂದು ಇಂದಿಗೂ ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೂ ಈ ಹನ್ನೆರಡನ್ನೇ ಹೇಳುತ್ತದೆ. ಜಾತಕದ ಕುಂಡಲಿಗೂ ಹನ್ನೆರಡೇ ಮನೆ! ಅಲ್ಲಿಯ ಮನೆಗಳನ್ನು ಎಣಿಸಿ ಭವಿಷ್ಯ ನುಡಿಯುವವರಂತೆಯೇ, ವಿದ್ಯಾರ್ಥಿಗಳು ಈ ಕೋಷ್ಟಕದ ಕಡೆಯ ಸಾಲನ್ನು ನೋಡಿ, ನಾಳೆಯ ಮಾತು ಬಂದಲ್ಲೆಲ್ಲ ‘ವಿಲ್’ ಎಂಬ ಪದವನ್ನು ಇಟ್ಟು ಮುಂದೆ ಸಾಗುವರು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೆ. ಇಂಗ್ಲಿಷಿನಲ್ಲಿ ಭವಿಷ್ಯತ್ತಿಗೆಂದೇ ಮೀಸಲಾದ ಕ್ರಿಯಾರೂಪವಿಲ್ಲ. ನಾಳೆಯನ್ನು ಕುರಿತು ಮಾತಾಡುವವನು ಯಾವ ಆಧಾರದ ಮೇಲೆ ಮಾತಾಡುತ್ತಿದ್ದಾನೆ, ತನ್ನ ಮನಸ್ಸಿನ ಮೇಲೋ, ಕಣ್ಣಿಗೆ ಬಿದ್ದ ಗುರುತಿನ ಮೇಲೋ, ಮೊದಲೇ ಆದ ಏರ್ಪಾಡಿನ ಮೇಲೋ, ಕಾನೂನಿನ ಮೇಲೋ, ಎಂಬುದನ್ನನುಸರಿಸಿ ಮಾತಿನ ರೂಪ ಬದಲಾಗುತ್ತದೆ. ನಮ್ಮ ಕನ್ನಡವೂ ಇದನ್ನೇ ಮಾಡುತ್ತದೆ. ಆದುದರಿಂದ ಕೋಷ್ಟಕವನ್ನು ಕೊಂಚ ಹೊತ್ತು ಮಡಿಸಿಟ್ಟು, ಮನೆಯಲ್ಲಿ ಆಡುವ ಮಾತನ್ನು ಕೈಹಿಡಿದು ಹೋದರೆ ದಾರಿ ಸುಗಮವಾಗುವುದೆಂದು ನನ್ನ ನಂಬಿಕೆ. ಇಂಗ್ಲಿಷ್ ವಿಭಾಗದ ಗುರುಗಳು ನನ್ನ ಈ ಧಾರ್ಷ್ಟ್ಯವನ್ನು ಮನ್ನಿಸುವರಾಗಿ ಬೇಡುತ್ತೇನೆ.

ಮೊದಲು ಇಂಗ್ಲಿಷಿನ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸೋಣ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಎರಡೇ ಕಾಲರೂಪಗಳಿದ್ದುವು; ಆಗಿಹೋದುದಕ್ಕೆ ಒಂದು, ಉಳಿದುದಕ್ಕೆಲ್ಲ ಒಂದು. ನಾಳೆಯ ಸಂಗತಿಯನ್ನು ಸಾಮಾನ್ಯವಾಗಿ ವರ್ತಮಾನ ರೂಪದಿಂದಲೇ ಹೇಳುತ್ತಿದ್ದರು. ‘ವಿಲ್’ ಎಂಬುದು ಆಗ ಸ್ವತಂತ್ರ ಕ್ರಿಯಾಪದ; ಬಯಸು, ಇಚ್ಛಿಸು ಎಂದು ಅದರ ಅರ್ಥ. ‘ಶಲ್’ ಎಂಬುದಕ್ಕೆ ಋಣಿಯಾಗಿರು, ಸಲ್ಲಿಸಬೇಕಾಗಿರು ಎಂದು ಅರ್ಥ. ಇಚ್ಛೆಯ ಮಾತೂ ಋಣದ ಮಾತೂ ಬಹುಕಾಲದ ಬಳಕೆಯಿಂದ ಸವೆದು ಭವಿಷ್ಯತ್ತಿನ ಗುರುತುಗಳಾದುವು. ಆದರೆ ಮೂಲದ ವಾಸನೆ ಪೂರ್ತಿ ಹೋಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಆಸ್ತಿಯನ್ನು ಕುರಿತು ಬರೆದಿಡುವ ‘ಉಯಿಲು’ ಯಾವುದು? ಅದೇ ‘ವಿಲ್’ ಎಂಬ ಇಂಗ್ಲಿಷ್ ಪದ ಕನ್ನಡದ ಬಾಯಲ್ಲಿ ಪಡೆದ ರೂಪ. ಅಲ್ಲಿ ಅದು ಭವಿಷ್ಯತ್ತಲ್ಲ, ಸತ್ತವನ ಇಚ್ಛೆ.

1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞನು ಲ್ಯಾಟಿನ್ ಭಾಷೆಯಲ್ಲಿ ಒಂದು ಇಂಗ್ಲಿಷ್ ವ್ಯಾಕರಣವನ್ನು ಪ್ರಕಟಿಸಿದನು. ಉತ್ತಮ ಪುರುಷದಲ್ಲಿ ‘ಶಲ್’ ಬಂದರೆ ಬರಿಯ ಮುನ್ನುಡಿ, ‘ವಿಲ್’ ಬಂದರೆ ಮಾತು ಕೊಟ್ಟಂತೆ. ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಇದು ತಿರುಗುಮುರುಗು ಎಂಬ ನಿಯಮವನ್ನು ಅವನು ಅದರಲ್ಲಿ ಬರೆದನು. ಈ ನಿಯಮ ಮುನ್ನೂರು ವರ್ಷಗಳ ಕಾಲ ಶಾಲೆಯ ಮಕ್ಕಳ ಬೆನ್ನು ಬಿಡಲಿಲ್ಲ. ಹಳೆಯ ಇಂಗ್ಲಿಷ್ ಮೇಷ್ಟರುಗಳು ಹೇಳುತ್ತಿದ್ದ ಹಾಸ್ಯವೊಂದುಂಟು. ನೀರಿಗೆ ಬಿದ್ದ ಪರದೇಶಿಯೊಬ್ಬ ಈ ಎರಡು ಪದಗಳನ್ನು ಅದಲುಬದಲು ಮಾಡಿ ಕೂಗಿಕೊಂಡನಂತೆ. ದಡದ ಮೇಲಿದ್ದವರು “ಇವನು ಮುಳುಗಲು ನಿಶ್ಚಯಿಸಿದ್ದಾನೆ, ಯಾರೂ ತನ್ನನ್ನು ಉಳಿಸಕೂಡದೆಂದು ಆಜ್ಞೆ ಮಾಡುತ್ತಿದ್ದಾನೆ” ಎಂದು ತಿಳಿದು ಸುಮ್ಮನೆ ನಿಂತರಂತೆ. ಇಂದು ಇಂಗ್ಲಿಷರೇ ಈ ನಿಯಮವನ್ನು ಪಾಲಿಸುವುದಿಲ್ಲ. ಮಾತಿನಲ್ಲಿ ‘ಶಲ್’ ಉಳಿದಿರುವುದು ಬಹುಮಟ್ಟಿಗೆ ‘ಶಲ್ ಐ?’, ‘ಶಲ್ ವಿ?’ ಎಂಬ ಪ್ರಶ್ನೆಗಳಲ್ಲಿ. ಅದು ನಮ್ಮ ‘ಬರಲಾ?’, ‘ಹೋಗೋಣವಾ?’ ಎಂಬುದಕ್ಕೆ ಸರಿಸಮ. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ನನು ಇಂಗ್ಲಿಷಿನಲ್ಲಿ ಭವಿಷ್ಯತ್ ಕಾಲವೆಂಬುದೇ ಇಲ್ಲವೆಂದು ವಾದಿಸಿದನು. 1985ರಲ್ಲಿ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಹೊರತಂದ ಬೃಹದ್ ವ್ಯಾಕರಣದ ನಿಲುವೂ ಅದೇ. ಎಂದ ಮೇಲೆ ನಮ್ಮ ಹನ್ನೆರಡು ಮನೆಗಳ ಪೈಕಿ ನಾಲ್ಕು ಮನೆಗಳ ಹಕ್ಕುಪತ್ರವೇ ಸಂಶಯಾಸ್ಪದವಾಯಿತು.

ಆದರೆ ‘ಶಲ್’ ಸತ್ತಿತೆಂದು ತಿಳಿಯಕೂಡದು. ಕಾನೂನಿನ ಮನೆಯಲ್ಲಿ ಅದು ಇಂದಿಗೂ ಯಜಮಾನ. ನಮ್ಮ ತಂದೆಯವರು ಹಿಪ್ಪುನೇರಳೆ ತೋಟಕ್ಕೆ ಹನಿ ನೀರಾವರಿ ಹಾಕಿಸಲು ಸಾಲ ಪಡೆದಾಗ ಕೈಗೆ ಬಂದ ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಪತ್ರವನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಸಾಲಗಾರನೆಂಬ ಪದ ಬಂದಲ್ಲೆಲ್ಲ ಅದರ ಹಿಂದೆಯೇ ‘ಶಲ್’, ಸಾಲ ಕೊಟ್ಟವರ ಪದ ಬಂದಲ್ಲೆಲ್ಲ ಅದರ ಹಿಂದೆಯೇ ‘ಮೇ’. ತಂದೆಯವರು ಪ್ರತಿ ವಾಕ್ಯಕ್ಕೂ ಕೇಳಿದ್ದು ಒಂದೇ ಪ್ರಶ್ನೆ: “ಮಾಡಬಹುದು ಅಂತಾನೋ, ಮಾಡಲೇಬೇಕು ಅಂತಾನೋ?” ಇಂಗ್ಲಿಷ್ ಓದಿಲ್ಲದ ಅವರು ಕೋಷ್ಟಕದಲ್ಲಿಲ್ಲದ ಪ್ರಶ್ನೆಯನ್ನು ಕೇಳಿದರು, ಕೇಳಬೇಕಾದ ಪ್ರಶ್ನೆಯೂ ಅದೇ. ಇಂಥ ಕಡೆಯಲ್ಲಿ ‘ಶಲ್’ ಎಂಬುದನ್ನು ‘ಕೊಡುತ್ತಾನೆ’, ‘ಕಟ್ಟುತ್ತಾನೆ’ ಎಂದು ಭವಿಷ್ಯತ್ತಾಗಿ ಕನ್ನಡಿಸಿದರೆ ರೈತನಿಗೆ ಹಾನಿಯುಂಟು. ಅದು ಕಾಲದ ಮಾತಲ್ಲ, ಕಟ್ಟುಪಾಡಿನ ಮಾತು. ಹಳೆಯ ಋಣದ ಅರ್ಥ ಇಲ್ಲಿ ಋಣಪತ್ರದಲ್ಲಿಯೇ ಜೀವಂತವಾಗಿ ಕುಳಿತಿದೆ!

ನಮ್ಮ ಶಾಸನಗಳ ಕನ್ನಡದಲ್ಲಿ ಇದಕ್ಕೆ ಸೊಗಸಾದ ಪದವೊಂದಿದೆ: ‘ತಕ್ಕದ್ದು’. ಮಾಡತಕ್ಕದ್ದು, ಸಲ್ಲಿಸತಕ್ಕದ್ದು, ನಿರಾಕರಿಸತಕ್ಕದ್ದಲ್ಲ. ಭಾರತ ಸಂವಿಧಾನದ ಕನ್ನಡ ಪಾಠದಲ್ಲಿ ‘ಶಲ್’ ಇದೇ ರೂಪವನ್ನು ತಾಳಿದೆ. ಒಂದು ಉದಾಹರಣೆಯನ್ನು ಕೊಡದೆ ಮುಂದೆ ಹೋಗಲಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ಅನುಚ್ಛೇದವು, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಹತ್ತು ವರ್ಷಗಳೊಳಗೆ ಪ್ರಯತ್ನಿಸತಕ್ಕದ್ದೆಂದು ಹೇಳಿತು. ಇಲ್ಲಿ ‘ಶಲ್’ ಇದ್ದರೂ ಅದು ಹಿಡಿದುಕೊಂಡದ್ದು ‘ಪ್ರಯತ್ನಿಸು’ ಎಂಬ ಕ್ರಿಯಾಪದವನ್ನು. ಆ ಹತ್ತು ವರ್ಷ 1960ಕ್ಕೆ ಮುಗಿಯಿತು. ನಮ್ಮ ತಂದೆ ಹುಟ್ಟಿದ್ದು ಆಮೇಲೆ. 2002ರ 86ನೆಯ ತಿದ್ದುಪಡಿಯಿಂದ 21ಎ ಎಂಬ ಹೊಸ ಅನುಚ್ಛೇದ ಸೇರಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ರಾಜ್ಯವು ಶಿಕ್ಷಣ ಒದಗಿಸತಕ್ಕದ್ದೆಂದು ಅದರ ತಾತ್ಪರ್ಯ. ‘ಪ್ರಯತ್ನ’ ಹೋಯಿತು, ‘ಒದಗಿಸು’ ಎಂಬುದಕ್ಕೇ ‘ಶಲ್’ ಅಂಟಿಕೊಂಡಿತು. ಅದು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ನಾನು ಒಂದನೆಯ ತರಗತಿಗೆ ಸೇರಿದ್ದು ಅದರ ಮರುವರ್ಷ. ಒಂದು ಸಹಾಯಕ ಕ್ರಿಯಾಪದ ಯಾವ ಕ್ರಿಯಾಪದದ ಮೇಲೆ ಕೂರುತ್ತದೆಂಬುದು ಬರಿಯ ಪರೀಕ್ಷೆಯ ಅಂಕಗಳ ವಿಷಯವಲ್ಲ.

ಇನ್ನು ನಮ್ಮ ಮನೆಯ ಕಡೆಗೆ ತಿರುಗೋಣ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂಬ ಪ್ರತ್ಯಯಗಳನ್ನು ಹೇಳಿದ್ದಾನೆ. ನುಡಿದಂ, ನುಡಿದಪಂ, ನುಡಿವಂ. ‘ದಪ’ ಕಾಲವಶವಾಯಿತು, ಆ ಸ್ಥಾನಕ್ಕೆ ‘ಉತ್ತ’ ಬಂದಿತು. ನಮ್ಮ ಶಾಲೆಯ ವ್ಯಾಕರಣ ‘ಮಾಡುತ್ತಾನೆ’ ವರ್ತಮಾನ, ‘ಮಾಡುವನು’ ಭವಿಷ್ಯತ್ ಎಂದು ಹೇಳುತ್ತದೆ. ಆದರೆ ‘ಮಾಡುವನು’ ಎಂಬ ರೂಪ ಈ ವಾರ್ಷಿಕ ಸಂಚಿಕೆಯ ಪುಟಗಳಲ್ಲಿ ಸಿಗುವುದು, ಸಂತೆಯಲ್ಲಿ ಸಿಗುವುದಿಲ್ಲ. ‘ದಿನಾ ಬರ್ತೀನಿ’ ಎನ್ನುವುದಕ್ಕೂ ‘ನಾಳೆ ಬರ್ತೀನಿ’ ಎನ್ನುವುದಕ್ಕೂ ನಾವು ಬಳಸುವುದು ಒಂದೇ ರೂಪವನ್ನು. ಎಂದರೆ ಆಡುಮಾತಿನ ಕನ್ನಡದಲ್ಲಿಯೂ ಆದದ್ದು, ಆಗದೆ ಉಳಿದದ್ದು ಎಂದು ಎರಡೇ ಪಾಲು. ಹಳೆಯ ಇಂಗ್ಲಿಷಿನ ಹಾಗೆಯೇ! ಕನ್ನಡದ ವ್ಯಾಕರಣಗಳನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯಲಾಗಿದೆಯೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದಲ್ಲಿ ವಾದಿಸಿದ್ದಾರೆ. ಇಂಗ್ಲಿಷ್ ವ್ಯಾಕರಣವನ್ನು ಲ್ಯಾಟಿನ್ನಿನ ಅಚ್ಚಿನಲ್ಲಿ ಹೊಯ್ದವರೂ ಇದೇ ದಾರಿ ಹಿಡಿದವರು. ನಮ್ಮ ಊರಾದ ದಿಬ್ಬೂರಹಳ್ಳಿಯ ಸುತ್ತಮುತ್ತ ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ತೆಲುಗು, ಅನೇಕರಿಗೆ ಎರಡೂ. ತೆಲುಗಿನಲ್ಲಿಯೂ ‘ರೋಜೂ ವಸ್ತಾನು’, ‘ರೇಪು ವಸ್ತಾನು’ ಎಂದು ರೂಪ ಒಂದೇ. ಈಗ ದಾರಿಯಲ್ಲಿದ್ದರೆ ಮಾತ್ರ ‘ವಸ್ತುನ್ನಾನು’.

ಹಾಗಾದರೆ ರೂಪ ಒಂದೇ ಆದಾಗ ನಾಳೆಯ ಬಗೆಬಗೆಯ ಛಾಯೆಗಳನ್ನು ನಾವು ಹೇಗೆ ಹೇಳುತ್ತೇವೆ? ಇದಕ್ಕೆ ರೇಷ್ಮೆಹುಳುವಿನ ಮನೆಗಿಂತ ಉತ್ತಮವಾದ ಪಾಠಶಾಲೆ ನನಗೆ ತೋರಲಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಮಿತ್ರರಿಗೆ ವಿವರಿಸಬೇಕಾದ್ದಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮರಿ ಒಡೆದಂದಿನಿಂದ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಹಗಲುರಾತ್ರಿ ಸೊಪ್ಪು ತಿಂದು, ಬಳಿಕ ಮೇವು ಬಿಡುತ್ತದೆ; ಮೈ ಪಾರದರ್ಶಕವಾಗುತ್ತದೆ; ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ. ಇದೇ ಹಣ್ಣು ಹುಳು. ಅದನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಎರಡು ಮೂರು ದಿನಗಳಲ್ಲಿ ಗೂಡು ಪೂರ್ತಿಯಾಗುವುದು.

ಈಗ ಮಾತುಗಳನ್ನು ಕೇಳಿರಿ. ಹುಳುವಿನ ಮೈಬಣ್ಣವನ್ನು ನೋಡಿದೊಡನೆ ನಮ್ಮ ತಾಯಿ “ಇವತ್ತೇ ಕಟ್ಟೋ ಹಾಗಿವೆ” ಎನ್ನುವರು. ಕಣ್ಣೆದುರಿಗೆ ಗುರುತಿದೆ; ಗುರುತಿನಿಂದ ನಾಳೆಯನ್ನು ಊಹಿಸಿದ್ದಾರೆ. ಇಂಗ್ಲಿಷಿನಲ್ಲಿ ಇದು ‘ಗೋಯಿಂಗ್ ಟು’: ‘ದಿ ವರ್ಮ್ಸ್ ಆರ್ ಗೋಯಿಂಗ್ ಟು ಸ್ಪಿನ್’. ಮೋಡ ಕಟ್ಟಿದಾಗ ‘ಮಳೆ ಬರೋ ಹಾಗಿದೆ’ ಎಂಬುದೂ ಇದೇ ಜಾತಿ. ಅಷ್ಟರಲ್ಲಿ ಸೊಪ್ಪು ಸಾಲದೆಂದು ತಿಳಿದು ನಾನು “ತಾಳಿ, ನಾನು ತರ್ತೀನಿ” ಎಂದೆನೆನ್ನಿ. ಆ ನಿಶ್ಚಯ ಆ ಕ್ಷಣದಲ್ಲಿ ಹುಟ್ಟಿತು. ಅದು ‘ವಿಲ್’: ‘ಐ ವಿಲ್ ಬ್ರಿಂಗ್ ಸಮ್’. ನಿನ್ನೆಯೇ ನಿಶ್ಚಯಿಸಿದ್ದರೆ ನಾವು ‘ತರೋನಿದ್ದೀನಿ’ ಅಥವಾ ‘ತರಬೇಕೂಂತಿದ್ದೀನಿ’ ಎನ್ನುತ್ತೇವೆ. ಅಲ್ಲಿ ಇಂಗ್ಲಿಷಿಗೆ ಮತ್ತೆ ‘ಗೋಯಿಂಗ್ ಟು’ ಬೇಕು. ಗಾಡಿಯವನಿಗೆ ಹೇಳಿಯಾಗಿದೆ, ಸೋಮವಾರ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವುದೆಂದು ಗೊತ್ತಾಗಿದೆ. ಹೀಗೆ ಇನ್ನೊಬ್ಬರೊಡನೆ ಏರ್ಪಾಡಾದ ಮೇಲೆ ಇಂಗ್ಲಿಷ್ ವರ್ತಮಾನಕ್ಕೇ ಮರಳುತ್ತದೆ: ‘ವಿ ಆರ್ ಟೇಕಿಂಗ್ ದೆಮ್ ಆನ್ ಮಂಡೆ’. ಮಾರುಕಟ್ಟೆಯ ಹರಾಜಿನ ಹೊತ್ತು ನಮ್ಮ ಇಷ್ಟದ ಮೇಲೆ ನಿಂತಿಲ್ಲ, ನಿಗದಿಯಾದದ್ದು. ಆದ್ದರಿಂದ ಅದಕ್ಕೆ ಸಾದಾ ವರ್ತಮಾನವೇ ಸಾಕು: ‘ದಿ ಆಕ್ಷನ್ ಬಿಗಿನ್ಸ್’. ಬೆಳಗಿನ ಬಸ್ಸು, ಕಾಲೇಜಿನ ವೇಳಾಪಟ್ಟಿ, ಯುಗಾದಿ ಬೀಳುವ ವಾರ, ಎಲ್ಲಕ್ಕೂ ಇದೇ. ಇನ್ನು ‘ಭಾನುವಾರದ ಹೊತ್ತಿಗೆ ಕಟ್ಟಿರುತ್ತವೆ’ ಎಂಬಲ್ಲಿ ನಾವು ‘ಇರು’ ಎಂಬುದನ್ನು ಸೇರಿಸಿದಂತೆ ಇಂಗ್ಲಿಷ್ ‘ಹ್ಯಾವ್’ ಎಂಬುದನ್ನು ಸೇರಿಸಿಕೊಳ್ಳುತ್ತದೆ: ‘ದೆ ವಿಲ್ ಹ್ಯಾವ್ ಸ್ಪನ್’. ಕೋಷ್ಟಕದಲ್ಲಿ ಇದು ಅತ್ಯಂತ ಭಯಂಕರವಾದ ಮನೆಯೆಂದು ಹೆಸರು ಪಡೆದಿದೆ. ಹುಳು ಸಾಕುವ ಮನೆಗಳಲ್ಲಿ ಮಕ್ಕಳೂ ಅದನ್ನು ಆಡುತ್ತಾರೆ.

‘ಗೋಯಿಂಗ್ ಟು’ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿಯೂ ‘ಹೋಗು’ ಇನ್ನೊಂದು ಕ್ರಿಯಾಪದದ ಜೊತೆ ಬರುತ್ತದೆ. ಆದರೆ ‘ಹೇಳೋಕೆ ಹೋದೆ’ ಎಂದರೆ ಯತ್ನಿಸಿದೆ ಎಂದರ್ಥ; ‘ಅವನ ತಂಟೆಗೆ ಹೋಗಬೇಡ’ ಎಂದರೆ ತೊಡಗಬೇಡ ಎಂದರ್ಥ. ಕನ್ನಡದ ಹೋಗುವಿಕೆ ಪ್ರಯತ್ನದಲ್ಲಿ ನಿಂತಿತು, ಇಂಗ್ಲಿಷಿನದು ಭವಿಷ್ಯತ್ತಿಗೆ ತಲುಪಿತು.

ಈಗ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕಗಳನ್ನು ನುಂಗುವ ವಾಕ್ಯಕ್ಕೆ ಬರೋಣ: ‘ನಾಳೆ ಮಳೆ ಬಂದರೆ ನಾವು ಸೊಪ್ಪು ಕೊಯ್ಯುವುದಿಲ್ಲ’. ಬಹುಮಂದಿ ‘ಇಫ್ ಇಟ್ ವಿಲ್ ರೈನ್’ ಎಂದು ಆರಂಭಿಸುವರು. ಕನ್ನಡದಲ್ಲಿ ಯೋಚಿಸುವುದರಿಂದ ಈ ತಪ್ಪಾಗುತ್ತದೆಂದು ಕೆಲವರು ಹೇಳುವುದುಂಟು. ಇದನ್ನು ನಾನು ಒಪ್ಪಲಾರೆ. ‘ಬಂದರೆ’ ಎಂಬ ಪದವನ್ನು ಬಿಡಿಸಿ ನೋಡಿರಿ. ಅದರಲ್ಲಿರುವುದು ‘ಬಂದ’ ಎಂಬ ಭೂತದ ಅಂಗ. ಭವಿಷ್ಯತ್ತಿನ ಪ್ರತ್ಯಯದ ಸುಳಿವೇ ಇಲ್ಲ. ‘ಅವನು ಬಂದ ಮೇಲೆ ಹೇಳ್ತೀನಿ’, ‘ಅವನು ಬಂದಾಗ ಕೇಳ್ತೀನಿ’, ಇಲ್ಲೆಲ್ಲ ಅದೇ. ಕನ್ನಡ ಹೀಗೆ ಹೆಜ್ಜೆ ಹೆಜ್ಜೆಗೂ ‘ಇಲ್ಲಿ ಭವಿಷ್ಯತ್ ಬೇಡ’ ಎಂದು ಸೂಚಿಸುತ್ತಿರುವಾಗ, ಇಂಗ್ಲಿಷ್ ‘ಇಫ್ ಇಟ್ ರೈನ್ಸ್’, ‘ವೆನ್ ಹಿ ಕಮ್ಸ್’ ಎಂದು ‘ವಿಲ್’ ಅನ್ನು ಬಿಡುವುದರಲ್ಲಿ ವಿಚಿತ್ರವೇನಿದೆ? ‘ವಿಲ್ ರೈನ್’ ಎಂದು ಬರೆಯಿಸಿದ್ದು ಕನ್ನಡವಲ್ಲ, ನಾಳೆ ಎಂಬ ಪದವನ್ನು ಕಂಡೊಡನೆ ಕಡೆಯ ಸಾಲಿಗೆ ಓಡಿಸಿದ ಕೋಷ್ಟಕ.

ಕನ್ನಡದಲ್ಲಿರುವ ಎರಡು ರೂಪಗಳನ್ನು ಕುರಿತು ವಿಶೇಷವಾಗಿ ಹೇಳಬೇಕಾಗಿದೆ. ಇಂಗ್ಲಿಷಿಗೆ ಅನುವಾದಿಸುವಾಗ ಇವೆರಡೂ ‘ವಿಲ್’ ಎಂಬ ಒಂದೇ ಗುಂಡಿಗೆ ಬೀಳುವ ಅಪಾಯವಿದೆ. ಮೊದಲನೆಯದು ಪತ್ರಿಕೆಗಳ ‘ಲಿದೆ’: ಬರಲಿದೆ, ನಡೆಯಲಿದೆ, ಆಗಮಿಸಲಿದ್ದಾರೆ. ಮನೆಯಲ್ಲಿ ಇದನ್ನು ಯಾರೂ ಆಡರು. ‘ಬರಲು ಇದೆ’ ಎಂಬ ಬಿಡುರೂಪ ಇಂಗ್ಲಿಷಿನ ‘ಈಸ್ ಟು ಕಮ್’ ಎಂಬುದಕ್ಕೆ ಅಚ್ಚಾಗಿ ಹೊಂದುತ್ತದೆ. ಮೇಲಿನವರು ಗೊತ್ತು ಮಾಡಿದ್ದಾರೆ, ನಾವು ವರದಿ ಮಾಡುತ್ತಿದ್ದೇವೆ ಎಂಬುದೇ ಎರಡರ ಧ್ವನಿಯೂ. ಎರಡನೆಯದು ಸಂಭಾವನಾರೂಪ: ಬಂದೇನು, ಬಂದಾನು, ಬಂದೀತು. ಹಾವಿದ್ದೀತು, ಬಿದ್ದೀಯೆ ಎಂದು ಎಚ್ಚರಿಸುವುದಕ್ಕೂ ಇದೇ. ಇದೂ ಭೂತದ ಅಂಗದ ಮೇಲೆಯೇ ನಿಂತ ರೂಪವೆಂಬುದು ಗಮನಾರ್ಹ. ಇಂಗ್ಲಿಷಿನಲ್ಲಿ ‘ಮೇ’, ‘ಮೈಟ್’ ಇದರ ಹತ್ತಿರಕ್ಕೆ ಬರುತ್ತವೆ, ‘ವಿಲ್’ ಬರುವುದಿಲ್ಲ.

ಈ ಭೇದ ನಮ್ಮ ಜಿಲ್ಲೆಯವರಿಗೆ ಪುಸ್ತಕದಿಂದ ತಿಳಿಯಬೇಕಾದುದಲ್ಲ. ಸಕಲೇಶಪುರದ ಕಡೆಯ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದದ್ದು 2014ರ ಮಾರ್ಚಿಯಲ್ಲಿ. ಸಕಲೇಶಪುರ ತಾಲ್ಲೂಕಿನಲ್ಲಿ ಅದರ ಮೊದಲ ಹಂತಕ್ಕೆ ಚಾಲನೆ ದೊರೆತದ್ದು 2024ರ ಸೆಪ್ಟೆಂಬರ್ 6ರಂದು. ಈ ನಡುವೆ ಹತ್ತು ವರ್ಷಗಳು. ಅಷ್ಟು ಕಾಲವೂ ವೇದಿಕೆಯ ಮೇಲಿನವರ ಮಾತು ‘ನೀರು ಬಂದೇ ಬರುತ್ತದೆ’, ಪತ್ರಿಕೆಯ ಮಾತು ‘ನೀರು ಬರಲಿದೆ’, ನಮ್ಮೂರ ಅರಳೀಕಟ್ಟೆಯ ಮೇಲಿನ ಮುದುಕರ ಮಾತು ‘ಬಂದೀತು’. ಮೂರನ್ನೂ ‘ವಾಟರ್ ವಿಲ್ ಕಮ್’ ಎಂದು ಅನುವಾದಿಸಿದರೆ ಮೂವರಿಗೂ ಅನ್ಯಾಯ. ಮೊದಲನೆಯದು ವಾಗ್ದಾನ, ಅದಕ್ಕೆ ‘ವಿಲ್’ ಸರಿ. ಎರಡನೆಯದಕ್ಕೆ ‘ಈಸ್ ಟು ಕಮ್’. ಮೂರನೆಯದಕ್ಕೆ ‘ಮೇ ಕಮ್’. ಸಾವಿರ ಅಡಿಗೂ ನೀರು ಕಾಣದ ಕೊಳವೆಬಾವಿಗಳನ್ನು ಕೊರೆಸಿದ ಮುದುಕರಾದರೆ ‘ಮೈಟ್’. ‘ಬಂದಾಗ ನೋಡೋಣ’ ಎಂದವರೂ ಇದ್ದರು. ಅವರ ವ್ಯಾಕರಣದಲ್ಲಿ ಭವಿಷ್ಯತ್ತಿಗೆ ಸ್ಥಳವೇ ಇಲ್ಲ.

ವಿನಯದ ಪ್ರಶ್ನೆಯಲ್ಲಿಯೂ ಈ ಭೇದ ಉಪಯೋಗಕ್ಕೆ ಬರುತ್ತದೆ. ‘ವಿಲ್ ಯು ಗೋ ಟು ಟೌನ್?’ ಎಂದು ಗುರುಗಳನ್ನು ಕೇಳಿದರೆ ಅವರನ್ನು ಕೆಲಸಕ್ಕೆ ಕಳುಹಿಸಿದಂತಾದೀತು. ‘ವಿಲ್ ಯು ಬಿ ಗೋಯಿಂಗ್?’ ಎಂದರೆ ಅವರ ಏರ್ಪಾಡನ್ನು ಮಾತ್ರ ಕೇಳಿದಂತೆ. ‘ಪೇಟೆಗೆ ಹೋಗ್ತೀರಾ?’ ಎನ್ನುವುದಕ್ಕೂ ‘ಪೇಟೆಗೆ ಹೋಗೋರಿದ್ದೀರಾ?’ ಎನ್ನುವುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ಕಲಿಸಬೇಕಾದ್ದಿಲ್ಲ.

ಕಡೆಗೆ, ಇಂಗ್ಲಿಷಿನಲ್ಲಿ ನನಗೆ ಜೋಡಿ ಸಿಗದ ಒಂದು ರೂಪವನ್ನು ಓದುಗರ ಮುಂದಿಡುತ್ತೇನೆ. ಹುಳುಮನೆಯಿಂದ ತಾಯಿ ಕೂಗಿದರೆ, ಪುಸ್ತಕವನ್ನು ಇನ್ನೂ ಮುಚ್ಚದೆ, ಕೂತಲ್ಲಿಂದ ಏಳದೆಯೇ ನಾವು “ಬಂದೆ, ಬಂದೆ” ಎನ್ನುತ್ತೇವೆ. ಕ್ರಿಯೆ ಇನ್ನೂ ಆರಂಭವಾಗಿಲ್ಲ, ರೂಪ ಮಾತ್ರ ಶುದ್ಧ ಭೂತಕಾಲ. ಇಂಗ್ಲಿಷಿನವನು ಇದೇ ಸಂದರ್ಭದಲ್ಲಿ ‘ಕಮಿಂಗ್’ ಎನ್ನುವನು. ತೆಲುಗು ಮನೆಮಾತಿನ ನಮ್ಮ ಅಜ್ಜಿ ‘ವಸ್ತುನ್ನಾ’ ಎಂದು ಅವನ ಪಕ್ಷವನ್ನೇ ವಹಿಸುತ್ತಾರೆ.